ಅಗ್ಗದ ಹೆಡ್‌ಫೋನಿನಲ್ಲೂ ಒಳ್ಳೆಯ ದನಿ ಇದೆ

ಹೆಡ್‌ಫೋನ್ ಕೊಳ್ಳಲು ಹೋದವರಿಗೆ ಅಂಗಡಿಯಲ್ಲಿ ಎದುರಾಗುವ ಮೊದಲ ಪ್ರಶ್ನೆ, ಎಷ್ಟರದ್ದು ಬೇಕು ಎಂಬುದು. ಯಾವ ಬಗೆಯ ಹಾಡು ಕೇಳುತ್ತೀರಿ, ಬಸ್ಸಿನಲ್ಲೋ ಮನೆಯಲ್ಲೋ, ಕನ್ನಡಕ ಹಾಕುತ್ತೀರಾ ಎಂದು ವಿಚಾರಿಸುವವರು ಅಪರೂಪ. ಐನೂರು ಕೊಟ್ಟರೆ ಐನೂರರ ಸದ್ದು, ಐದು ಸಾವಿರ ಕೊಟ್ಟರೆ ಅದರ ಹತ್ತು ಪಟ್ಟು ಒಳ್ಳೆಯ ಸದ್ದು ಎಂಬ ನಂಬಿಕೆ ಮಾರುವವರಿಗೂ ಇದೆ, ಕೊಳ್ಳುವವರಿಗೂ ಇದೆ. ಈ ನಂಬಿಕೆಯನ್ನು ಅಳತೆಗೆ ಒಡ್ಡಿದವರಿದ್ದಾರೆ. ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳನ್ನು ಅಳೆದು, 2017ರಲ್ಲಿ ಅಮೆರಿಕದ ಅಕೌಸ್ಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಕಿವಿಯೊಳಗೆ ತೂರಿಸುವವು, ಕಿವಿಯ ಮೇಲೆ ಕೂರುವವು, ಕಿವಿಯನ್ನು ಪೂರ್ತಿ ಮುಚ್ಚುವವು ಮೂರೂ ಅದರಲ್ಲಿದ್ದವು. ಬೆಲೆಯಲ್ಲೂ ಅಗ್ಗದ್ದರಿಂದ ದುಬಾರಿಯವರೆಗೆ ಎಲ್ಲವೂ ಇದ್ದವು. ಯಾವ ಸ್ವರ ಎಷ್ಟು ಗಟ್ಟಿಯಾಗಿ ಬರುತ್ತದೆ ಎಂಬ ಲೆಕ್ಕಕ್ಕೂ ಅಂಗಡಿಯ ಬೆಲೆಗೂ ಸಂಬಂಧವೇ ಕಾಣಲಿಲ್ಲ. ಕೈಯಲ್ಲಿ ಎರಡು ಸಾವಿರ ರೂಪಾಯಿಯೊಳಗಿನ ದುಡ್ಡಿರುವವರಿಗೆ ಇದು ನಿಜಕ್ಕೂ ಒಳ್ಳೆಯ ಸುದ್ದಿ. ಆ ದುಡ್ಡಿಗೆ ಸಿಗುವ ಸದ್ದಿನ ಗುಣವನ್ನು ಮೊದಲು ನಿರ್ಧರಿಸುವುದು ಆಯ್ಕೆ, ಆಮೇಲೆ ಕಿವಿಗೆ ಅದು ಕೂರುವ ಬಗೆ, ಅದಾದ ಮೇಲೆ ನಾವೇ ಮಾಡಿಕೊಳ್ಳಬಹುದಾದ ಸಣ್ಣ ತಿದ್ದುಪಡಿಗಳು. ಇನ್ನಷ್ಟು ದುಡ್ಡು ಹಾಕುವ ಮಾತು ಇವೆಲ್ಲ ಮುಗಿದ ಮೇಲೆ ಬರಬೇಕು ಎಂಬುದು ನನ್ನ ವಾದ.

ಬೆಲೆಗೂ ದನಿಗೂ ನಂಟಿಲ್ಲದಿರುವುದಕ್ಕೆ ಕಾರಣ ಹೆಡ್‌ಫೋನಿನ ಒಡಲಲ್ಲೇ ಇದೆ. ಒಂದು ತೆಳು ಪ್ಲಾಸ್ಟಿಕ್ ಪೊರೆ, ಅದಕ್ಕೆ ಅಂಟಿದ ತಾಮ್ರದ ಸುರುಳಿ, ಹಿಂದೊಂದು ಅಯಸ್ಕಾಂತ: ಬಹುಪಾಲು ಹೆಡ್‌ಫೋನ್‌ಗಳಲ್ಲಿ ಸದ್ದು ಹುಟ್ಟಿಸುವ ಡ್ರೈವರ್ ಎಂಬ ಭಾಗ ಇಷ್ಟೇ. 1980ರ ದಶಕದಲ್ಲಿ ನಿಯೋಡಿಮಿಯಂ ಅಯಸ್ಕಾಂತ ಬಂದ ಮೇಲೆ ಪುಟ್ಟದಾದ, ಬಲವಾದ ಡ್ರೈವರ್ ಮಾಡುವುದು ಸುಲಭವಾಯಿತು. ಈಗ ಅದು ಲಕ್ಷಗಟ್ಟಲೆ ತಯಾರಾಗುವ ಅಗ್ಗದ ಸಾಮಾನು. ಕಷ್ಟವಿರುವುದು ಅದನ್ನು ಶ್ರುತಿಗೊಳಿಸುವುದರಲ್ಲಿ. ನಮ್ಮ ಕಿವಿಯ ಕಾಲುವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಅದು ತಾನಾಗಿಯೇ 3,000 ಹರ್ಟ್ಸ್ ಆಸುಪಾಸಿನ ಸದ್ದನ್ನು ಹಿಗ್ಗಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡಾಗ ಹೊರಕಿವಿಯ ಮತ್ತು ಕಾಲುವೆಯ ಈ ಸಹಜ ಕೆಲಸ ಬದಲಾಗುವುದರಿಂದ, ತಯಾರಕರು ಆ ಲೆಕ್ಕವನ್ನೂ ಸೇರಿಸಿ ಶ್ರುತಿ ಮಾಡಬೇಕು. ಯಾವ ಶ್ರುತಿ ಕೇಳುಗರಿಗೆ ಹಿತ ಎಂಬುದನ್ನು ಹಾರ್ಮನ್ ಕಂಪನಿಯ ಶಾನ್ ಆಲಿವ್, ಟಾಡ್ ವೆಲ್ಟಿ ಮತ್ತು ಸಂಗಡಿಗರು 2012ರ ಸುಮಾರಿನಿಂದ ವರ್ಷಗಟ್ಟಲೆ ಪರೀಕ್ಷಿಸಿದರು. ಅವರ ಒಂದು ಉಪಾಯ ಮೆಚ್ಚುವಂಥದ್ದು. ಒಂದೇ ಹೆಡ್‌ಫೋನಿನಲ್ಲಿ ಒಂದೊಂದು ಸ್ವರದ ಮಟ್ಟವನ್ನು ಏರಿಸಿ ಇಳಿಸುವ ಈಕ್ವಲೈಜರ್ ಮೂಲಕ ಬೇರೆ ಬೇರೆ ಹೆಡ್‌ಫೋನ್‌ಗಳ ಸದ್ದನ್ನು ಅನುಕರಿಸಿ ಕೇಳಿಸಿದರು. ಹೀಗಾಗಿ ಹೆಸರು, ಬೆಲೆ, ತೂಕ ಯಾವುದೂ ಕೇಳುಗರ ತೀರ್ಪನ್ನು ಕೆಡಿಸುವಂತಿರಲಿಲ್ಲ. ಅಮೆರಿಕ, ಕೆನಡಾ, ಜರ್ಮನಿ, ಚೀನಾ ನಾಲ್ಕೂ ಕಡೆ ಹೆಚ್ಚಿನವರು ಮೆಚ್ಚಿದ್ದು ಯಾವ ಸ್ವರ ಎಷ್ಟು ಗಟ್ಟಿ ಎಂದು ತೋರಿಸುವ, ಹೆಚ್ಚೂಕಡಿಮೆ ಒಂದೇ ಬಗೆಯ ರೇಖೆಯನ್ನು: ಒಳ್ಳೆಯ ಕೋಣೆಯಲ್ಲಿಟ್ಟ ಒಳ್ಳೆಯ ಸ್ಪೀಕರ್ ಕಿವಿಗೆ ಹೇಗೆ ಮುಟ್ಟುತ್ತದೋ ಹಾಗೆ.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ರುಚಿ ಒಬ್ಬೊಬ್ಬರದು ಒಂದೊಂದು, ಅದಕ್ಕೊಂದು ರೇಖೆ ಎಳೆಯುವುದು ಸರಿಯೇ? ಆಲಿವ್ ಅವರ ತಂಡವೇ ಇದಕ್ಕೆ ಉತ್ತರ ಕೊಟ್ಟಿದೆ. ಕೇಳುಗರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಆ ರೇಖೆಯನ್ನೇ ಒಪ್ಪಿದರು. ಉಳಿದವರಲ್ಲಿ ಕೆಲವರಿಗೆ ಬೇಸ್, ಎಂದರೆ ತಗ್ಗಿನ ಸ್ವರ, ಇನ್ನಷ್ಟು ಬೇಕಿತ್ತು, ಕೆಲವರಿಗೆ ಕಡಿಮೆ ಸಾಕಿತ್ತು. ಎಂದರೆ ಭಿನ್ನ ರುಚಿ ಇದೆ, ಆದರೆ ಅದು ದಿಕ್ಕಿಲ್ಲದ ಚದುರಾಟವಲ್ಲ. ಒಂದು ನಡುದಾರಿಯ ಆಚೀಚೆ ಕೆಲವು ಡೆಸಿಬೆಲ್‌ಗಳ ವ್ಯತ್ಯಾಸ. ನಮ್ಮ ನಾಡಿನ ಕೇಳುಗರನ್ನು ಕೂರಿಸಿ ಆ ಪರೀಕ್ಷೆ ಮಾಡಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ನಮ್ಮ ಸಂಗೀತವನ್ನು ಮುಂದಿಟ್ಟುಕೊಂಡು ಯೋಚಿಸಿದರೆ ಆ ನಡುದಾರಿ ನಮಗೂ ಒಗ್ಗುತ್ತದೆ ಎನ್ನಲು ಕಾರಣಗಳಿವೆ. ಅಗ್ಗದ ಮಾಡೆಲ್‌ಗಳ ಪೈಕಿ ಬಹಳಷ್ಟರಲ್ಲಿ ಬೇಸ್ ಉಬ್ಬಿಸಿ, ಟ್ರೆಬಲ್ ಎಂಬ ಮೇಲಿನ ಸ್ವರಗಳನ್ನು ಚೂಪು ಮಾಡಿ, ನಡುವಿನ ಸ್ವರಗಳನ್ನು ಹಿಂದಕ್ಕೆ ತಳ್ಳಿರುತ್ತಾರೆ. ಅಂಗಡಿಯಲ್ಲಿ ಅರ್ಧ ನಿಮಿಷ ಕೇಳಿದರೆ ಅದು ಭರ್ಜರಿ ಎನಿಸುತ್ತದೆ. ಆದರೆ ಮನುಷ್ಯರ ದನಿ ಇರುವುದು ಆ ನಡುವಿನಲ್ಲಿ. ಭಾವಗೀತೆಯಲ್ಲಿ ಮಾತೇ ಮುಖ್ಯ. ಸ, ಶ, ಷ ಒಂದಕ್ಕೊಂದು ಬೇರೆಯಾಗಿ ಕೇಳಬೇಕಾದರೆ ಮೂರು ನಾಲ್ಕು ಸಾವಿರ ಹರ್ಟ್ಸ್‌ನಿಂದ ಮೇಲಿನ ಸದ್ದು ಅತಿಯಾಗದೆ, ಮಂಕಾಗದೆ ಬರಬೇಕು. ಗಂಗೂಬಾಯಿ ಹಾನಗಲ್ ಅವರ ತಗ್ಗಿನ ಘನವಾದ ದನಿಯನ್ನು ಕೆಳಸ್ವರ ಉಬ್ಬಿಸಿದ ಹೆಡ್‌ಫೋನಿನಲ್ಲಿ ಕೇಳಿದರೆ ಅದು ಮುಸುಕು ಹೊದ್ದಂತಾಗುತ್ತದೆ. ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆಯ ಮೀಟು ಚೂಪು ಟ್ರೆಬಲ್‌ನಲ್ಲಿ ಲೋಹದ ಬಡಿತವಾಗಿಬಿಡುತ್ತದೆ. ಹಳೆಯ ಧ್ವನಿಮುದ್ರಣದ ಹಿಸ್ ಸದ್ದು ಹಾಡಿಗಿಂತ ಮುಂದೆ ಬಂದು ನಿಲ್ಲುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಕೇಳಿ ನೋಡುವ ಅವಕಾಶ ಸಿಕ್ಕರೆ, ಹೊಡೆತದ ಸಿನಿಮಾ ಹಾಡನ್ನು ಬಿಟ್ಟು, ಚೆನ್ನಾಗಿ ಗೊತ್ತಿರುವ ಒಂದು ಒಂಟಿ ದನಿಯ ಹಾಡನ್ನು ಕೇಳುವುದು ಮೇಲು.

ಡಬ್ಬಿಯ ಮೇಲಿನ ಅಕ್ಷರಗಳು ಈ ಆಯ್ಕೆಗೆ ಅಷ್ಟಾಗಿ ನೆರವಾಗುವುದಿಲ್ಲ. 20ರಿಂದ 20,000 ಹರ್ಟ್ಸ್ ಎಂದು ಬಹುಪಾಲು ಡಬ್ಬಿಗಳ ಮೇಲೆ ಬರೆದಿರುತ್ತದೆ. ಆ ವ್ಯಾಪ್ತಿಯೊಳಗೆ ಏರಿಳಿತ ಎಷ್ಟು ಡೆಸಿಬೆಲ್ ಎಂದು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಡ್ರೈವರ್ 40 ಮಿಲಿಮೀಟರೋ 50 ಮಿಲಿಮೀಟರೋ, ಒಂದೋ ಮೂರೋ ಎಂಬುದರಿಂದ ಶ್ರುತಿ ತಿಳಿಯುವುದಿಲ್ಲ. ಹೈ-ರೆಸ್ ಎಂಬ ಚಿನ್ನದ ಬಣ್ಣದ ಚೀಟಿಯನ್ನು ಕೊಡುವುದು ಜಪಾನ್ ಆಡಿಯೋ ಸೊಸೈಟಿ. ಅದಕ್ಕೆ 40,000 ಹರ್ಟ್ಸ್‌ವರೆಗೂ ಸದ್ದು ಹೊಮ್ಮಬೇಕೆಂಬ ನಿಯಮವಿದೆ. ಎಳೆಯರ ಕಿವಿಗೂ 20,000ದಾಚೆ ಕೇಳಿಸದು, ನಡುವಯಸ್ಸು ದಾಟಿದವರಿಗೆ ಅದಕ್ಕಿಂತ ಬಹಳ ಕೆಳಗೇ ಮಿತಿ ಬೀಳುತ್ತದೆ. ನೋಡಲೇಬೇಕಾದ್ದು ಅಳತೆಯ ರೇಖೆಯನ್ನು. ಸ್ವತಂತ್ರವಾಗಿ ಅಳೆದು ರೇಖೆಗಳನ್ನು ಉಚಿತವಾಗಿ ತೋರಿಸುವವರು ಈಗ ಹಲವರಿದ್ದಾರೆ. ಸಾವಿರಾರು ಮಾಡೆಲ್‌ಗಳ ಲೆಕ್ಕ ಸಿಗುತ್ತದೆ. ಆ ರೇಖೆಗಳ ಬಲದಿಂದಲೇ 2022ರಲ್ಲಿ ಚೀನಾದಿಂದ ಬಂದ ಮೂನ್‌ಡ್ರಾಪ್ ಚೂ, ಸೆವೆನ್ ಹರ್ಟ್ಸ್ ಸಾಲ್‌ನೋಟ್ಸ್ ಝೀರೋ ಎಂಬ ಇಯರ್‌ಫೋನ್‌ಗಳು ಹೆಸರು ಮಾಡಿದವು. ಎರಡರ ಬೆಲೆಯೂ ಆಗ ಸುಮಾರು 20 ಡಾಲರ್, ಶ್ರುತಿ ಮಾತ್ರ ಎಷ್ಟೋ ದುಬಾರಿ ಮಾಡೆಲ್‌ಗಳಿಗಿಂತ ಹದವಾದದ್ದು.

ಇನ್ನು ಕಿವಿಗೆ ಕೂರುವ ಮಾತು. ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ ಆದ ಸಂಗತಿ ಇದು. ಕಿವಿಗೂ ಹೆಡ್‌ಫೋನಿಗೂ ನಡುವಿನ ಗಾಳಿ ಹೊರಗೆ ಸೋರದಿದ್ದರೆ ಮಾತ್ರ ಪುಟ್ಟ ಪೊರೆ ತಗ್ಗಿನ ಸ್ವರಗಳನ್ನು ಹುಟ್ಟಿಸಬಲ್ಲದು. ಸಣ್ಣ ಸಂದಿಯೊಂದು ಬಿಟ್ಟರೂ ಸಾಕು, ಇಯರ್‌ಫೋನಿನಲ್ಲಿ 100 ಹರ್ಟ್ಸ್ ಕೆಳಗಿನ ಸದ್ದು ಹತ್ತು ಡೆಸಿಬೆಲ್‌ಗಿಂತ ಹೆಚ್ಚು ಕುಸಿಯಬಹುದು. ಬೇಸ್ ಇಲ್ಲವೇ ಇಲ್ಲ, ಕಿರಿಕಿರಿ ಸದ್ದು ಎಂದು ಮೂಲೆಗೆ ಎಸೆದ ಎಷ್ಟೋ ಇಯರ್‌ಫೋನ್‌ಗಳ ನಿಜವಾದ ದೋಷ ಇದು. ಡಬ್ಬಿಯಲ್ಲಿ ಮೂರು ಅಳತೆಯ ಸಿಲಿಕೋನ್ ಟಿಪ್ ಇಟ್ಟಿರುತ್ತಾರೆ. ಬಹಳ ಮಂದಿ ಮೊದಲೇ ಹಾಕಿ ಬಂದಿರುವ ನಡುವಿನ ಅಳತೆಯನ್ನು ಬದಲಿಸಿಯೇ ನೋಡುವುದಿಲ್ಲ. ಎಡಗಿವಿಗೂ ಬಲಗಿವಿಗೂ ಬೇರೆ ಬೇರೆ ಅಳತೆ ಬೇಕಾಗುವುದು ಏನೂ ವಿಚಿತ್ರವಲ್ಲ. ಸೋರಿಕೆ ಇದೆಯೇ ಎಂದು ತಿಳಿಯುವ ದಾರಿ ಸರಳ: ತಗ್ಗಿನ ಸ್ವರ ಎಡೆಬಿಡದೆ ಇರುವ ಹಾಡು ಹಾಕಿ, ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒತ್ತಬೇಕು. ಬೇಸ್ ಒಮ್ಮೆಲೇ ತುಂಬಿಕೊಂಡರೆ ಅಷ್ಟು ಹೊತ್ತೂ ಸೋರುತ್ತಿತ್ತು ಎಂದೇ ಅರ್ಥ. ದೊಡ್ಡ ಟಿಪ್ ಹಾಕಿ, ಇಲ್ಲವೇ ಫೋಮ್ ಟಿಪ್ ಕೊಂಡು ನೋಡಿ. ಫೋಮ್ ಟಿಪ್ ಟ್ರೆಬಲ್ಲನ್ನೂ ಕೊಂಚ ಮೆದುಗೊಳಿಸುತ್ತದೆ. ಕಿವಿ ಮುಚ್ಚುವ ಹೆಡ್‌ಫೋನಿನಲ್ಲಿ ಈ ಕೆಲಸ ಪ್ಯಾಡಿನದು. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿ ಸಂದಿ ಮಾಡುತ್ತದೆ. ಕನ್ನಡಕ ಹಾಕುವವರು ಗಟ್ಟಿ ಪ್ಯಾಡಿನ ಬದಲು ಮೆತ್ತಗೆ, ದಪ್ಪಗೆ ಇರುವ ಪ್ಯಾಡು ಆರಿಸಬೇಕು. ಚರ್ಮದಂಥ ಹೊದಿಕೆಯ ಪ್ಯಾಡ್ ಗಾಳಿ ಬಿಡದು, ಬೇಸ್ ಹೆಚ್ಚು. ಮಖಮಲ್ಲಿನ ಪ್ಯಾಡ್ ಸೋರುತ್ತದೆ, ಬೇಸ್ ಕಡಿಮೆ, ಆದರೆ ಬೆವರು ಕಡಿಮೆ. ಅಗ್ಗದ ಪ್ಯಾಡುಗಳ ಹೊದಿಕೆ ಸಾಮಾನ್ಯವಾಗಿ ಪಾಲಿಯುರೆಥೇನ್. ತೇವಕ್ಕೆ ಅದರ ರಾಸಾಯನಿಕ ಬಂಧ ಸಡಿಲವಾಗಿ ಹಕ್ಕಳೆಯೇಳುತ್ತದೆ. ಕರಾವಳಿಯ ಸೆಕೆಯಲ್ಲಿ ಇದು ಬೇಗ ಆಗುವುದರಲ್ಲಿ ಆಶ್ಚರ್ಯವಿಲ್ಲ. ಹಾಗೆ ಹಕ್ಕಳೆಯೆದ್ದ ದಿನದಿಂದ ಆ ಹೆಡ್‌ಫೋನಿನ ಶ್ರುತಿಯೂ ಬದಲಾಗಿರುತ್ತದೆ. ಹೊಸ ಹೆಡ್‌ಫೋನ್ ಬೇಕಿಲ್ಲ, ಒಂದು ಜೊತೆ ಹೊಸ ಪ್ಯಾಡ್ ಸಾಕು.

ಚೆನ್ನಾಗಿ ಕೂತ ಮೇಲೂ ಸದ್ದು ಒಪ್ಪದಿದ್ದರೆ ಮುಂದಿನ ದಾರಿ ಈಕ್ವಲೈಜರ್. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಫಿನ್‌ಲೆಂಡಿನ ಯಾಕ್ಕೊ ಪಸಾನೆನ್ ಕಟ್ಟಿದ ಆಟೋ-ಈಕ್ಯೂ ಎಂಬ ಮುಕ್ತ ತಂತ್ರಾಂಶ, ಬೇರೆಯವರು ಅಳೆದಿಟ್ಟ ರೇಖೆಗಳನ್ನು ತೆಗೆದುಕೊಂಡು, ಸಾವಿರಾರು ಹೆಡ್‌ಫೋನ್‌ಗಳಿಗೆ ಎಲ್ಲಿ ಎಷ್ಟು ಏರಿಸಬೇಕು, ಎಲ್ಲಿ ಎಷ್ಟು ಇಳಿಸಬೇಕು ಎಂದು ಲೆಕ್ಕ ಹಾಕಿ ಕೊಡುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ವೇವ್‌ಲೆಟ್ ಆ್ಯಪ್, ವಿಂಡೋಸ್ ಕಂಪ್ಯೂಟರಿನಲ್ಲಿ ಈಕ್ವಲೈಜರ್ ಎಪಿಒ ಆ ಲೆಕ್ಕವನ್ನು ಜಾರಿಗೆ ತರುತ್ತವೆ. ಸಂಗೀತದ ಶುದ್ಧತೆ ಕೆಡುತ್ತದೆ ಎಂದು ಈಕ್ವಲೈಜರ್ ಮುಟ್ಟಲು ಹಿಂಜರಿಯುವವರಿದ್ದಾರೆ. ಆದರೆ ಕಾರ್ಖಾನೆಯಲ್ಲಿ ತಪ್ಪಾಗಿ ಶ್ರುತಿಗೊಂಡ ಹೆಡ್‌ಫೋನೇ ಆ ಶುದ್ಧತೆಯನ್ನು ಮೊದಲು ಕೆಡಿಸಿರುತ್ತದಲ್ಲ. ಅದನ್ನು ಸರಿದಾರಿಗೆ ತರುವುದು ಹೇಗೆ ಕಲಬೆರಕೆಯಾದೀತು? ಮಿತಿಗಳೇನೋ ಇವೆ. ಆರು ಡೆಸಿಬೆಲ್ ಏರಿಸಿದರೆ ಆ ಸ್ವರಕ್ಕೆ ನಾಲ್ಕು ಪಟ್ಟು ಶಕ್ತಿ ಬೇಕು. ಅಗ್ಗದ ಪೊರೆ ಒದ್ದಾಡಿ ಒಡಕು ಸದ್ದು ಬರಬಹುದು. ಅದಕ್ಕೇ ಏರಿಸುವ ಬದಲು ಹೆಚ್ಚಿರುವುದನ್ನು ಇಳಿಸುವುದು ಒಳ್ಳೆಯ ಪದ್ಧತಿ. ಗಾಳಿ ಸೋರಿ ಹೋದ ಬೇಸ್ ಅನ್ನು ಈಕ್ವಲೈಜರಿನಿಂದ ತುಂಬಲು ಹೊರಡುವುದು ದಂಡ. ಇನ್ನು 8,000 ಹರ್ಟ್ಸ್‌ನಾಚೆ ಕಿವಿಯಿಂದ ಕಿವಿಗೆ ವ್ಯತ್ಯಾಸ ಎಷ್ಟಿರುತ್ತದೆಂದರೆ ಯಂತ್ರದ ಲೆಕ್ಕವನ್ನು ಅಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ, ಸ್ವಂತ ಕಿವಿಯನ್ನೇ ಕೇಳಬೇಕು.

ಕೈಯಾರೆ ಮಾಡುವ ತಿದ್ದುಪಡಿಗೆ ದೊಡ್ಡ ಪರಂಪರೆಯೇ ಇದೆ. ಅಮೆರಿಕದ ಮಿಲ್ವಾಕಿಯ ಕಾಸ್ ಕಂಪನಿ 1984ರಲ್ಲಿ ತಂದ ಪೋರ್ಟಾ ಪ್ರೋ ಈಗಲೂ ಅದೇ ರೂಪದಲ್ಲಿ ತಯಾರಾಗುತ್ತಿದೆ. ಅದರ ಸೋದರ ಕೆಎಸ್‌ಸಿ75 ಕಿವಿಗೆ ಕ್ಲಿಪ್ಪಿನಂತೆ ಸಿಗಿಸಿಕೊಳ್ಳುವ, ಸುಮಾರು 20 ಡಾಲರಿನ ಸಾಧನ. ಅವುಗಳ ಪೊರೆಯ ಮುಂದಿರುವ ಪ್ಲಾಸ್ಟಿಕ್ ಜಾಲರಿಯ ರಂಧ್ರಗಳನ್ನು ಹೆಚ್ಚಿಸಿ ಟ್ರೆಬಲ್ಲಿಗೆ ದಾರಿ ಬಿಟ್ಟುಕೊಡುವವರಿದ್ದಾರೆ, ಮೂಲ ಫೋಮ್ ತೆಗೆದು ದಪ್ಪದ ಬೇರೆ ಫೋಮ್ ಹಾಕುವವರಿದ್ದಾರೆ. ಬ್ರೂಕ್ಲಿನ್ನಿನ ಗ್ರಾಡೋ ಹೆಡ್‌ಫೋನಿನ ಫೋಮ್ ಪ್ಯಾಡಿನ ನಡುವೆ ಅಮೆರಿಕದ 25 ಸೆಂಟಿನ ನಾಣ್ಯವಿಟ್ಟು, ಅದರ ಅಂಚಿಗೆ ಗುಂಡಗೆ ಕತ್ತರಿಸಿ ತೆಗೆಯುವುದು ಇನ್ನೊಂದು ಹಳೆಯ ಉಪಾಯ. ತೈವಾನಿನ ಸೂಪರ್‌ಲಕ್ಸ್ ಎಚ್‌ಡಿ681 ಬಹಳ ಅಗ್ಗ, ಆದರೆ ಮೇಲಿನ ಸ್ವರ ಚುಚ್ಚುತ್ತದೆ. ಪೊರೆಯ ಮುಂದೆ ತೆಳುವಾದ ಉಣ್ಣೆಬಟ್ಟೆಯದೋ ಕಾಗದದ್ದೋ ಬಿಲ್ಲೆ ಇಟ್ಟು ಆ ಚುಚ್ಚನ್ನು ಮೊಂಡು ಮಾಡುತ್ತಾರೆ. ಎಲ್ಲಕ್ಕಿಂತ ದೊಡ್ಡ ಕಥೆ ಜಪಾನಿನ ಫೋಸ್ಟೆಕ್ಸ್ ಟಿ50ಆರ್‌ಪಿಯದು. ಸ್ಟುಡಿಯೋ ಕೆಲಸದ ಈ ಸಾಧಾರಣ ಬೆಲೆಯ ಹೆಡ್‌ಫೋನಿನ ಬಟ್ಟಲಿಗೆ ಜೇಡಿಮಣ್ಣಿನಂಥ ಮೇಣ ಮೆತ್ತಿ, ಒಳಗೆ ಹತ್ತಿ ತುಂಬಿ, ಗಾಳಿಕಿಂಡಿಗಳನ್ನು ಅರೆಬರೆ ಮುಚ್ಚಿ, ಪ್ಯಾಡ್ ಬದಲಿಸಿ ನೋಡಿದವರಲ್ಲಿ ಡ್ಯಾನ್ ಕ್ಲಾರ್ಕ್ ಒಬ್ಬರು. ಹಾಗೆ ತಿದ್ದಿದ ಟಿ50ಆರ್‌ಪಿಯನ್ನು ಮ್ಯಾಡ್ ಡಾಗ್ ಎಂಬ ಹೆಸರಿನಲ್ಲಿ ಮಾರುತ್ತಾ ಶುರುವಾದ ಅವರ ಉದ್ಯಮ ಇಂದು ಸಾವಿರಾರು ಡಾಲರಿನ ಹೆಡ್‌ಫೋನ್ ಮಾಡುವ ಡ್ಯಾನ್ ಕ್ಲಾರ್ಕ್ ಆಡಿಯೋ. ಡ್ರೈವರ್ ಕಾರ್ಖಾನೆಯದೇ ಆಗಿದ್ದರೂ ಅದರ ಸುತ್ತಲಿನ ಗಾಳಿ, ಬಟ್ಟಲು, ಬಟ್ಟೆಗಳನ್ನು ಹದಗೊಳಿಸಿ ದನಿಯನ್ನು ಎಷ್ಟು ದೂರ ಒಯ್ಯಬಹುದು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಹತ್ತಿ, ಮೇಣ, ಅಂಟುಪಟ್ಟಿಗಳ ಕೆಲಸವನ್ನು ಚಿಲ್ಲರೆ ಕಸುಬೆಂದು ತಳ್ಳಿಹಾಕುವವರು ನಮ್ಮ ವಾದ್ಯಗಳನ್ನು ನೆನೆಯಬೇಕು. ಮೃದಂಗದ ಎಡಮುಖಕ್ಕೆ ಕಛೇರಿಗೆ ಮುನ್ನ ಕಲಸಿದ ರವೆ ಹಚ್ಚುತ್ತಾರೆ. ಆ ತೂಕವೇ ಗಂಭೀರವಾದ ತಗ್ಗು ನಾದಕ್ಕೆ ಕಾರಣ. ಬಲಮುಖದ ಕರಣೆ ಚರ್ಮಕ್ಕೆ ಸ್ವರ ಕೊಡುತ್ತದೆ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಸಿಗಿಸುವ ಹತ್ತಿಯ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ನಾದ ಅರಳುತ್ತದೆ ಇಲ್ಲವೇ ಮುದುಡುತ್ತದೆ. ಇದರ ಹಿಂದಿನ ಭೌತಶಾಸ್ತ್ರವನ್ನು ಸಿ.ವಿ. ರಾಮನ್ 1920ರ ಸುಮಾರಿನಲ್ಲೇ ವಿವರಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಬಗ್ಗೆ ವಿಸ್ತಾರವಾದ ಪ್ರಬಂಧವನ್ನೇ ಬರೆದರು. ತೂಕ ಸೇರಿಸಿದ ಚರ್ಮ ಹೇಗೆ ಸ್ವರಬದ್ಧವಾಗುತ್ತದೆ ಎಂಬುದು ಅಲ್ಲಿನ ವಿಷಯ. ಹೆಡ್‌ಫೋನಿನ ಪೊರೆಗೂ ಅದೇ ನಿಯಮಗಳು ಅನ್ವಯಿಸುತ್ತವೆ, ಆ ನಿಯಮಗಳೇ ಮಿತಿಯನ್ನೂ ಹೇಳುತ್ತವೆ. ಗಾಳಿಯಲ್ಲಿ 5,000 ಹರ್ಟ್ಸ್ ಸದ್ದಿನ ಅಲೆಯುದ್ದ ಸುಮಾರು ಏಳು ಸೆಂಟಿಮೀಟರ್, 100 ಹರ್ಟ್ಸ್ ಸದ್ದಿನದು ಸುಮಾರು ಮೂರೂವರೆ ಮೀಟರ್. ಬಟ್ಟಲಿನೊಳಗೆ ಸೆಂಟಿಮೀಟರ್ ದಪ್ಪ ಹತ್ತಿ ತುರುಕಿದರೆ ಅದು ಮೇಲಿನ ಸ್ವರಗಳ ಮಾರ್ದನಿಯನ್ನು ಹೀರೀತು. ಬೇಸ್ ಅಲೆಯನ್ನು ಹೀರುವುದು ಅದರ ಅಳವಲ್ಲ. ಬೇಸ್ ಬದಲಾಗಬೇಕೆಂದರೆ ಗಾಳಿ ಓಡಾಡುವ ಕಿಂಡಿಗೆ ಕೈ ಹಾಕಬೇಕು. ಇಯರ್‌ಫೋನಿನ ಮೈಮೇಲೆ ಸೂಜಿಮೊನೆಯಷ್ಟು ರಂಧ್ರಗಳಿರುತ್ತವೆ. ಮೆಡಿಕಲ್ ಶಾಪಿನಲ್ಲಿ ಸಿಗುವ, ಗಾಳಿಯಾಡುವ ಕಾಗದದ ಮೈಕ್ರೋಪೋರ್ ಟೇಪಿನ ಚೂರನ್ನು ಅಂಥ ರಂಧ್ರದ ಮೇಲೆ ಅಂಟಿಸಿದರೆ ಬೇಸ್ ಏರುವುದೋ ಇಳಿಯುವುದೋ ಕೇಳಿ ತಿಳಿಯಬಹುದು. ಒಪ್ಪದಿದ್ದರೆ ಕಿತ್ತರಾಯಿತು. ಹೊಸದಾಗಿ ಶುರು ಮಾಡುವವರಿಗೆ ನನ್ನ ಸಲಹೆ ಇಷ್ಟೇ: ತೆಗೆದರೆ ಮೊದಲಿನಂತಾಗುವ ಕೆಲಸಗಳನ್ನು ಮಾತ್ರ ಮಾಡಿ. ಕೊರೆಯುವುದು, ಕತ್ತರಿಸುವುದು, ಪೊರೆಯನ್ನು ಮುಟ್ಟುವುದು ಬೇಡ. ವಾರಂಟಿ ಹೋಗುತ್ತದೆ ಎಂಬ ಭಯ ಟಿಪ್, ಪ್ಯಾಡ್, ಟೇಪಿಗೆ ಅನ್ವಯಿಸುವುದಿಲ್ಲ. ಮೈ ಬಿಚ್ಚುವ ಕೆಲಸಕ್ಕೆ ಖಂಡಿತ ಅನ್ವಯಿಸುತ್ತದೆ.

ಇದೆಲ್ಲ ಮನಸ್ಸಿನ ಭ್ರಮೆ, ತಾನು ಮಾಡಿದ ಕೆಲಸ ತನಗೆ ಚೆನ್ನಾಗಿ ಕೇಳಿಸಿಯೇ ಕೇಳಿಸುತ್ತದೆ ಎಂಬ ಟೀಕೆಯನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಟೀಕೆಯಲ್ಲಿ ಹುರುಳಿದೆ. 1994ರಲ್ಲಿ ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ನಡೆಸಿದ ಪರೀಕ್ಷೆಯಲ್ಲಿ, ಸ್ಪೀಕರ್‌ಗಳನ್ನು ಕಣ್ಣಿಂದ ನೋಡುತ್ತಾ ಕೇಳಿದಾಗ ಬಂದ ತೀರ್ಪು, ಪರದೆಯ ಹಿಂದಿಟ್ಟು ಕೇಳಿಸಿದಾಗ ಬದಲಾಗಿಬಿಟ್ಟಿತು. ಸದ್ದು ಒಂದು ಡೆಸಿಬೆಲ್ ಜೋರಾಗಿದ್ದರೂ ನಮಗೆ ಅದು ಜೋರೆನಿಸುವುದಿಲ್ಲ, ಒಳ್ಳೆಯದೆನಿಸುತ್ತದೆ. ಹೀಗಾಗಿ ತಿದ್ದುಪಡಿಯ ಹಿಂದೆ ಮುಂದೆ ಹೋಲಿಸುವಾಗ ಸದ್ದಿನ ಮಟ್ಟ ಒಂದೇ ಇರಬೇಕು, ಅದೇ ಹಾಡಿನ ಅದೇ ತುಣುಕು ಕೇಳಬೇಕು. ಸಾಧ್ಯವಾದರೆ ಒಂದು ಕಿವಿಯ ಕಡೆ ಮಾತ್ರ ತಿದ್ದಿ, ಮನೆಯವರೊಬ್ಬರಿಗೆ ಯಾವುದು ತಿದ್ದಿದ್ದು ಎಂದು ಹೇಳದೆ ಕೇಳಿಸಿ ಅವರ ಅಭಿಪ್ರಾಯ ಪಡೆಯಬೇಕು. ಈ ಶಿಸ್ತಿಗೆ ನಿಲ್ಲದ ಎಷ್ಟೋ ನಂಬಿಕೆಗಳು ಮಾರುಕಟ್ಟೆಯಲ್ಲಿ ಹಣ ಮಾಡುತ್ತಿವೆ. ದುಬಾರಿ ಕೇಬಲ್ ಅದರಲ್ಲೊಂದು. ಸಾಮಾನ್ಯ ತಾಮ್ರದ ತಂತಿಯ ರೋಧ ಒಂದು ಓಮ್ ಇದ್ದರೂ, 32 ಓಮ್‌ನ ಹೆಡ್‌ಫೋನಿಗೆ ಅದು ತರುವ ವ್ಯತ್ಯಾಸ ಕಾಲು ಡೆಸಿಬೆಲ್ಲಿನಷ್ಟು, ಅದೂ ಎಲ್ಲ ಸ್ವರಕ್ಕೂ ಹೆಚ್ಚೂಕಡಿಮೆ ಸಮನಾಗಿ. ಆ ದುಡ್ಡಿಗೆ ನಾಲ್ಕು ಜೊತೆ ಪ್ಯಾಡ್ ಬರುತ್ತದೆ. ನೂರು ಗಂಟೆ ಹಾಡಿಸಿದರೆ ಹೆಡ್‌ಫೋನ್ ಪಳಗುತ್ತದೆ ಎನ್ನುವಲ್ಲೂ ಮುಖ್ಯವಾಗಿ ಪಳಗುವುದು ಪ್ಯಾಡು ಮತ್ತು ನಮ್ಮ ಕಿವಿ. ಸೋರಿಕೆ, ಪ್ಯಾಡ್, ಕಿಂಡಿಗಳ ಪರಿಣಾಮ ಹಾಗಲ್ಲ. ಅದು ಅಳತೆಯಂತ್ರದ ಮುಂದೆ ಹಲವು ಡೆಸಿಬೆಲ್‌ಗಳಲ್ಲಿ ಎದ್ದು ಕಾಣುತ್ತದೆ.

ದುಬಾರಿ ಹೆಡ್‌ಫೋನ್ ಎಲ್ಲ ಮೋಸ ಎಂದು ನಾನು ಹೇಳುತ್ತಿಲ್ಲ. ಹೆಚ್ಚು ದುಡ್ಡಿಗೆ ಗಟ್ಟಿ ಮೈಕಟ್ಟು, ಗಂಟೆಗಟ್ಟಲೆ ನೋವಾಗದ ತಲೆಪಟ್ಟಿ, ಎಡಬಲ ಸರಿಸಮನಾದ ಡ್ರೈವರ್, ಒಂದು ತುಂಡಿಗೂ ಇನ್ನೊಂದಕ್ಕೂ ಕಡಿಮೆ ವ್ಯತ್ಯಾಸ ಸಿಗುವುದುಂಟು. ಸುತ್ತಲಿನ ಗದ್ದಲವನ್ನು ಅಡಗಿಸುವ ತಂತ್ರಜ್ಞಾನದಲ್ಲಿ ಬೆಲೆಗೆ ತಕ್ಕ ಗುಣ ನಿಜಕ್ಕೂ ಇದೆ; ದಿನಾ ಎರಡು ತಾಸು ಬಸ್ಸಿನಲ್ಲಿ ಕಳೆಯುವವರು ಅದಕ್ಕೆ ಖರ್ಚು ಮಾಡಿದರೆ ಅದು ವ್ಯರ್ಥವಲ್ಲ. ಆದರೆ ಇವು ಬಾಳಿಕೆ, ಅನುಕೂಲಗಳ ಮಾತು. ಇವಕ್ಕೆ ಕೊಡುವ ಬೆಲೆಯನ್ನು ದನಿಗೆ ಕೊಟ್ಟ ಬೆಲೆ ಎಂದು ತಿಳಿದಾಗ, ಕಡಿಮೆ ಸಂಪಾದನೆಯವರು ಒಳ್ಳೆಯ ಸಂಗೀತ ತಮ್ಮ ಕೈಗೆಟುಕದ್ದು ಎಂದುಕೊಂಡು ಸುಮ್ಮನಾಗುತ್ತಾರೆ. ಹಳ್ಳಿಯಲ್ಲಿ ಕೂತು ಸಂಗೀತಾಭ್ಯಾಸ ಮಾಡುವ ಹುಡುಗಿ, ಆನ್‌ಲೈನ್ ಪಾಠ ಕೇಳುವ ಹುಡುಗ ಹಾಗೆ ಅಂದುಕೊಳ್ಳುವುದು ನನ್ನ ಮಟ್ಟಿಗೆ ದೊಡ್ಡ ನಷ್ಟ. ತಂತಿಯ ಇಯರ್‌ಫೋನ್ ಅವರಿಗೆ ಇವತ್ತಿಗೂ ಸರಿಯಾದ ಆಯ್ಕೆ. ಅದರ ಬೆಲೆಯಲ್ಲಿ ಬ್ಯಾಟರಿ, ರೇಡಿಯೋ ಚಿಪ್, ಚಾರ್ಜಿಂಗ್ ಡಬ್ಬಿಗೆ ಪಾಲಿಲ್ಲ. ಅದರ ದನಿ ತಡವಾಗಿ ಬರುವುದಿಲ್ಲ, ಹಾಗಾಗಿ ಗುರುವಿನ ಜೊತೆ ತಾಳ ಹಾಕಲು ಅದೇ ವಾಸಿ. 2016ರ ಐಫೋನ್ 7ರಿಂದ ಶುರುವಾಗಿ ಬಹಳ ಫೋನುಗಳು 3.5 ಮಿಲಿಮೀಟರ್ ಜಾಕ್ ಕಳೆದುಕೊಂಡದ್ದು ಅಡ್ಡಿಯೇ ಹೌದು, ಆದರೆ ಸಣ್ಣದೊಂದು ಯುಎಸ್‌ಬಿ-ಸಿ ಡಾಂಗಲ್ಲಿನಿಂದ ಅದು ಪರಿಹಾರವಾಗುತ್ತದೆ.

ಇಷ್ಟೆಲ್ಲ ತಲೆಕೆಡಿಸಿಕೊಳ್ಳಲು ಪುರುಸೊತ್ತು ಯಾರಿಗಿದೆ ಎನ್ನುವವರಿಗೆ ಸಂಗೀತಕ್ಕಿಂತ ತುರ್ತಿನ ಒಂದು ಕಾರಣ ಕೊಡಬಲ್ಲೆ. ಸೋರುವ, ಶ್ರುತಿಗೆಟ್ಟ ಇಯರ್‌ಫೋನ್ ಹಾಕಿಕೊಂಡವರು ಮಾತು ಸ್ಪಷ್ಟವಾಗದೆ, ಹೊರಗಿನ ಗದ್ದಲ ಒಳಗೆ ನುಗ್ಗಿ, ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬೆಲ್ ಮಟ್ಟದ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ. ಮಕ್ಕಳಿಗೆ 75 ಡೆಸಿಬೆಲ್ಲಿನಲ್ಲಿ 40 ಗಂಟೆ. ಮೂರು ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸರಿಯಾದ ಅಳತೆಯ ಟಿಪ್ ಹಾಕಿದ್ದರಿಂದ ವಾಲ್ಯೂಮ್ ಎರಡು ಮೂರು ಮೆಟ್ಟಿಲು ಇಳಿದರೆ, ಮುಂದಿನ ಮೂವತ್ತು ವರ್ಷದ ಕೇಳ್ಮೆಗೆ ಅದರಿಂದಾಗುವ ಉಪಕಾರ ಸಣ್ಣದಲ್ಲ. ಮಕ್ಕಳಿಗೆ ಇಯರ್‌ಫೋನ್ ಕೊಡಿಸುವ ಪ್ರತಿ ತಾಯಿತಂದೆಯೂ ಮೊದಲ ದಿನವೇ ಐದು ನಿಮಿಷ ಕೂತು ಟಿಪ್ ಬದಲಿಸಿ ನೋಡಬೇಕು.

ಕೊಳ್ಳುವವರು ಇಷ್ಟು ಮಾಡುವಾಗ ಮಾರುವವರೂ ಕೆಲವು ಕೆಲಸ ಮಾಡಬೇಕು. ತಂತಿಯ ಇಯರ್‌ಫೋನ್ ಸಾಮಾನ್ಯವಾಗಿ ಕೆಡುವುದು ಜಾಕಿನ ಬುಡದಲ್ಲಿ, ತಂತಿ ಮಡಚಿ ಮಡಚಿ ತುಂಡಾಗಿ. ಬೆಸುಗೆ ಬಲ್ಲವರು ಎನಾಮಲ್ ಲೇಪವನ್ನು ಕೆರೆದು ತೆಗೆದು ಹೊಸ ಜಾಕ್ ಹಾಕಿಕೊಡುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಜಾಕ್, ತಂತಿ, ಬೆಸುಗೆಕಡ್ಡಿ ಎಲ್ಲ ಸಿಗುತ್ತವೆ. ಆದರೆ ಅಂಟು ಹಾಕಿ ಮುಚ್ಚಿದ ಬಟ್ಟಲನ್ನು ಒಡೆಯದೆ ಬಿಚ್ಚಲಾಗುವುದಿಲ್ಲ, ಪುಟ್ಟ ಬ್ಲೂಟೂತ್ ಬಡ್‌ಗಳ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋತರೆ ಡ್ರೈವರ್ ಚೆನ್ನಾಗಿದ್ದರೂ ಇಡೀ ಸಾಧನ ಕಸವಾಗುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ತಂದ ಬ್ಯಾಟರಿ ಕಾನೂನು, ಕೈಯಲ್ಲಿ ಹಿಡಿದು ಓಡಾಡುವ ಸಾಧನಗಳ ಬ್ಯಾಟರಿ ಬಳಕೆದಾರರೇ ಬದಲಿಸುವಂತಿರಬೇಕು ಎಂಬ ನಿಯಮವನ್ನು 2027ರ ಫೆಬ್ರವರಿಯಿಂದ ಜಾರಿಗೆ ತರುತ್ತಿದೆ. ನಮ್ಮ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಪೋರ್ಟಲ್ ತೆರೆದದ್ದು 2022ರ ಡಿಸೆಂಬರಿನಲ್ಲಿ. ಅದು ಮಾಹಿತಿ ಕೊಡುವ ತಾಣ, ಬಟ್ಟಲಿಗೆ ಅಂಟಿನ ಬದಲು ಸ್ಕ್ರೂ ಹಾಕಿ ಎಂದು ಕಂಪನಿಗಳನ್ನು ಕಟ್ಟುಪಾಡಿಗೆ ಒಳಪಡಿಸುವ ಕಾನೂನಲ್ಲ. ಬಿಚ್ಚಿ ಬದಲಿಸಬಹುದಾದ ಕೇಬಲ್, ಬಿಡಿಯಾಗಿ ಮಾರುವ ಪ್ಯಾಡ್ ಮತ್ತು ಟಿಪ್, ಡಬ್ಬಿಯ ಮೇಲೆ ಅಳತೆಯ ರೇಖೆಯ ಒಂದು ಪುಟ್ಟ ಚಿತ್ರ: ಇವು ಐನೂರು ರೂಪಾಯಿಯ ಸಾಧನಕ್ಕೂ ಹೊರೆಯಾಗುವಂಥವಲ್ಲ. ನಲವತ್ತು ವರ್ಷದ ಹಿಂದಿನ ಪೋರ್ಟಾ ಪ್ರೋ ವಿನ್ಯಾಸಕ್ಕೆ ಇವತ್ತೂ ಹೊಸ ಫೋಮ್ ಸಿಗುವುದಾದರೆ, ಹೋದ ವರ್ಷ ನಮ್ಮಲ್ಲಿ ಬಿಡುಗಡೆಯಾದ ಹೆಡ್‌ಫೋನಿಗೂ ಸಿಗುವಂತೆ ಮಾಡುವುದು ಕಂಪನಿಗಳಿಗೆ ಕಷ್ಟವೇನಲ್ಲ. ಕೊಳ್ಳುವ ಮೊದಲೇ ಅಂಗಡಿಯವರನ್ನು ಇದಕ್ಕೆ ಪ್ಯಾಡ್ ಬೇರೆಯಾಗಿ ಸಿಗುತ್ತದೆಯೇ ಎಂದು ಕೇಳಿ, ಇಲ್ಲವೆಂದರೆ ಸಿಗುವಂಥದ್ದನ್ನು ತೋರಿಸಲು ಹೇಳಿ.